ರಿದ್ವಾನ್ ಐದು ಸಲ ಒಪ್ಪಿದ್ದು

ಅಲೆಕ್ಸಾಂಡ್ರಿಯಾದ ಬಂದರಿನ ಹಿಂದಿನ ಗಲ್ಲಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ರಿದ್ವಾನನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮುವಸ್ವಿಸ್’ ಎಂದರೆ ಮುಗಿಯಿತು. ಒಳಗೊಂದು ಅನುಮಾನ ಕೂತು ಪಿಸುಗುಟ್ಟುತ್ತಲೇ ಇರುತ್ತದಲ್ಲ, ಅಂಥವನಿಗೆ ಆ ಮಾತು. ನಮಾಜಿಗೆ ಕೈಕಾಲು ತೊಳೆದವನು, ಮೊಣಕೈ ನೆನೆಯಿತೋ ಇಲ್ಲವೋ ಎಂದು ಮತ್ತೆ ನಲ್ಲಿ ತಿರುಗಿಸುತ್ತಿದ್ದ. ಅಂಗಡಿಗೆ ಬೀಗ ಹಾಕಿ, ಹಾಕಿದೆನೇ ಎಂದು ನೋಡಲು ಮೂರು ಸಲ ವಾಪಸು ಬರುತ್ತಿದ್ದ. ಕೊನೆಗೆ ಗಲ್ಲಿಯವರು ಚಹಾದಂಗಡಿಯ ಕಾಲು ಅಲ್ಲಾಡುವ ಮೇಜನ್ನೂ ಮುವಸ್ವಿಸ್ ಎನ್ನತೊಡಗಿದರು. ಮೇಜಿಗೆ ಬೇಸರವಾಗಲಿಲ್ಲ, ರಿದ್ವಾನನಿಗಾಯಿತು.

ಇಂಥವನಿಗೆ ಬಟ್ಟೆ ಹೊಲಿಯುವ ಇನ್ಶಿರಾಹ್ ಮೇಲೆ ಮನಸ್ಸಾಯಿತು. ಅದೊಂದರಲ್ಲಿ ಮಾತ್ರ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮದುವೆಯ ದಿನ ಅವನ ಕೈಯನ್ನು ಹುಡುಗಿಯ ಅಪ್ಪ ಹಾಜಿ ಅವದ್‌ನ ಕೈಗೆ ಕೂಡಿಸಿ, ಮದುವೆ ಮಾಡಿಸುವ ಶೇಖ್ ಸಾಹೇಬರು ಆ ಕೈಗಳ ಮೇಲೊಂದು ಬಿಳಿ ಕರವಸ್ತ್ರ ಹೊದಿಸಿದರು. ಹಾಜಿ “ಮಗಳನ್ನು ಕೊಟ್ಟೆ” ಎಂದ. ರಿದ್ವಾನ್ “ಒಪ್ಪಿದೆ” ಎಂದ. ಸಂಭ್ರಮದ ಕೇಕೆ ಹಾಕಲು ಹೆಂಗಸರು ಬಾಯಿ ತೆರೆದರು.

“ತಡೀರಿ ಶೇಖ್ ಸಾಹೇಬ್ರೇ,” ಎಂದ ರಿದ್ವಾನ್. “ಹೇಳುವಾಗ ನನ್ ಮನಸ್ಸು ಇಸ್ತ್ರಿಪೆಟ್ಟಿಗೆ ಮೇಲಿತ್ತು, ಆರಿಸಿ ಬಂದ್ನೋ ಇಲ್ವೋ ಅಂತ. ಅದು ಲೆಕ್ಕಕ್ಕೆ ಸೇರುತ್ತಾ?”

“ಸೇರುತ್ತಪ್ಪಾ.”

“ಯಾತಕ್ಕೂ ಇನ್ನೊಂದ್ಸಲ ಹೇಳ್ಬಿಡ್ತೀನಿ.”

ಎರಡನೆಯ ಸಲ ಸ್ವರ ಸಣ್ಣದಾಯಿತು ಎಂದ. ಮೂರನೆಯ ಸಲ ನಡುವೆ ಕೆಮ್ಮು ಬಂತು. ನಾಲ್ಕನೆಯದು ಮೂರನೆಯದೋ ನಾಲ್ಕನೆಯದೋ ಎಂದು ಶೇಖ್ ಸಾಹೇಬರನ್ನೇ ಕೇಳಿದ. ಹೆಂಗಸರ ಬಾಯಿ ತೆರೆಯುವುದು, ಮುಚ್ಚುವುದು ನಡೆದೇ ಇತ್ತು.

ಹಾಜಿ ಕೈ ಕಿತ್ತುಕೊಂಡ. “ನನ್ ಮಗಳನ್ನ ಒಪ್ಪೋಕೆ ಇಷ್ಟು ಅನುಮಾನ ಇದ್ರೆ ಎದ್ದು ಹೋಗಯ್ಯಾ! ಈ ಮದುವೆನೇ ಬೇಡ!”

ರಿದ್ವಾನನ ಕಣ್ಣಲ್ಲಿ ನೀರು ತುಂಬಿತು.

ಒಳಕೋಣೆಯಿಂದ ಇನ್ಶಿರಾಹ್ ಬಂದಳು. “ಬಾಬಾ, ಸ್ವಲ್ಪ ಕೂತ್ಕೋ. ಅವನಿಗೆ ಅನುಮಾನ ನನ್ ಮೇಲಲ್ಲ, ತನ್ ಬಾಯಿ ಮೇಲೆ. ನೀನು ಅಮ್ಮನ್ನ ಒಪ್ಪಿದೆ ಅಂದಿದ್ದು ಒಂದೇ ಸಲ. ಅವಳು ಇವತ್ತಿಗೂ ಅದನ್ನೇ ಎತ್ತಿ ಆಡ್ತಾಳೆ.”

ಅಮ್ಮನೇ ಮೊದಲು ನಕ್ಕಳು. ಹಾಜಿ ಗೊಣಗುತ್ತಾ ಮತ್ತೆ ಕೈ ಚಾಚಿದ. ಐದನೆಯ “ಒಪ್ಪಿದೆ”ಯನ್ನು ರಿದ್ವಾನನ ಜೊತೆ ಇಡೀ ಮನೆಯೇ ಕೂಗಿತು.

ಮಾರನೆಯ ಸಂಜೆ ಅವನು ಅಂಗಡಿಯಿಂದ ಬಂದು ಮನೆಯ ಕೆಳಗೆ ನಿಂತ. “ಇನ್ಶಿರಾಹ್! ನಿನ್ನೆ ನಮ್ದು... ಆಯ್ತಲ್ಲಾ?”

ಎದುರಿನ ಚಹಾದಂಗಡಿಯವರೆಲ್ಲ ಒಟ್ಟಿಗೆ ಅರಚಿದರು: “ಆಯ್ತು ಕಣೋ ಮುವಸ್ವಿಸ್! ಮೇಲೆ ಹತ್ತು!”

ಇನ್ಶಿರಾಹ್ ಬಾಲ್ಕನಿಯಿಂದ ಹಗ್ಗ ಕಟ್ಟಿದ ತರಕಾರಿ ಬುಟ್ಟಿ ಇಳಿಬಿಟ್ಟಳು. ಅದರಲ್ಲಿ ಮದುವೆಯ ಬಿಳಿ ಕರವಸ್ತ್ರವಿತ್ತು. “ಜೇಬಲ್ಲಿಟ್ಕೋ. ಅನುಮಾನ ಬಂದಾಗ ಮುಟ್ಕೋ.”

ಇಟ್ಟುಕೊಂಡ. ಎರಡು ಮೆಟ್ಟಿಲು ಹತ್ತಿ, ಇಟ್ಟುಕೊಂಡೆನೇ ಎಂದು ಮುಟ್ಟಿ ನೋಡಿದ. ಇತ್ತು. ಇನ್ನೊಮ್ಮೆ ಮುಟ್ಟಿದ, ಅದು ಅನುಮಾನಕ್ಕಲ್ಲ, ಸುಮ್ಮನೆ ಖುಷಿಗೆ.