ಮುಂದೆ ಎಳೆಯುವ ಗಾಡಿ

ನಾನು ಶಹಾಪುರದಲ್ಲಿ ಪಂಪ್‌ಸೆಟ್ಟು, ಪೈಪು ಮಾರುವವನು. ಅಂಗಡಿಗೆ ಬಂದ ರೈತ ಬೆಲೆಗಿಂತ ಮೊದಲು ಕೇಳುವುದು, "ಎಷ್ಟು ಎಚ್‌ಪಿ ರೀ?" ಇಪ್ಪತ್ತು ವರ್ಷ ಇದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ, ಯಂತ್ರಕ್ಕೆ ಜೋರು ಒಂದಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂಬ ದಡ್ಡತನ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಾರನ್ನೂ ಹಾಗೇ ಕೊಂಡೆ.

ಯಾದಗಿರಿಯಲ್ಲಿ ಹಳೆ ಗಾಡಿ ಮಾರುವವನೊಬ್ಬನ ಶೆಡ್ಡಿನಲ್ಲಿ ಅದು ನಿಂತಿತ್ತು. ಕಪ್ಪು ಬಣ್ಣ, ಡೀಸೆಲ್ ಟರ್ಬೊ, ಯಾವನೋ ಗುತ್ತಿಗೆದಾರ ಓಡಿಸಿ ಬಿಟ್ಟದ್ದು. ನನ್ನ ಹೆಂಡತಿ ಬಗ್ಗಿ ಗಾಡಿಯ ಹೊಟ್ಟೆ ನೋಡಿ, "ಇದು ಭಾಳ ತಗ್ಗದರಿ. ನಮ್ಮ ಹಾದಿಗೆ ಎತ್ತರದ್ದು ಬೇಕು" ಎಂದಳು. ಮಾರುವವನು ನಕ್ಕು ನನಗೆ ಕೀಲಿ ಕೊಟ್ಟ. ರಿಂಗ್ ರಸ್ತೆಯಲ್ಲಿ ಒಮ್ಮೆ ತುಳಿದು ನೋಡಿದೆ. ಬೆನ್ನು ಸೀಟಿಗೆ ಅಂಟಿತು, ಸ್ಟೇರಿಂಗು ಕೈಯೊಳಗೆ ಜಗ್ಗಾಡಿ ಗಾಡಿಯ ಮೂತಿ ಎಡಕ್ಕೆ ಎಳೆಯಿತು. ಯಾಕೆ ಎಳೆಯುತ್ತದೆ ಎಂದು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಗೊತ್ತಾಗಿಬಿಡುತ್ತದಲ್ಲ! ಜೋರು ಇದ್ದ ಗಾಡಿ ಹಾಗೇ ಇರುತ್ತದೆ ಎಂದುಕೊಂಡು ವ್ಯವಹಾರ ಮುಗಿಸಿದೆ.

ಒಂದು ವರ್ಷ ಮೆರೆದೆ. ಶಿರವಾಳದ ಗುಡಿ ನೋಡಲು ಬಂದ ನೆಂಟರನ್ನೆಲ್ಲ ಅದರಲ್ಲೇ ಸುತ್ತಾಡಿಸಿದೆ. ಊರೂರಿನ ರಸ್ತೆಯುಬ್ಬುಗಳಿಗೆ ಗಾಡಿಯ ಹೊಟ್ಟೆ ಕೆರೆದಾಗ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಹಾಡಿನ ಸದ್ದು ಏರಿಸುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದ ದಿನಗಳಲ್ಲಿ, ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಬೋನಾಳದಿಂದ ಹೆಂಡತಿಯ ಅಣ್ಣನ ಫೋನು ಬಂತು. ಅವರವ್ವ ಹಾಸಿಗೆ ಹಿಡಿದು ತಿಂಗಳಾಗಿತ್ತು. "ಅವ್ವಂದು ಇವತ್ತು ಕಡೀದು ಅನ್ನಸ್ತದ. ಮಾತು ಇನ್ನಾ ನಿಂತಿಲ್ಲ. ನಿನ್ನ ಹೆಸರ ಹಿಡದು ಕರ್ಯಾಕತ್ತಾಳ, ಲಗೂನ ಬಾ" ಎಂದನಂತೆ. ಇವಳು ಚಪ್ಪಲಿ ಮೆಟ್ಟುತ್ತಲೇ, "ಸುರಪುರದ ಬಸ್ಸು ನಿಂತದರಿ, ಹೋಗಿಬಿಡೋಣ್ರಿ. ಅಲ್ಲಿಂದ ಆಟೋ ಸಿಗ್ತದ" ಎಂದಳು.

"ಮನಿ ಮುಂದ ಗಾಡಿ ಇಟ್ಕೊಂಡು ಬಸ್ಸಿಗೆ ಹೋಗ್ತಾರೇನು? ಅರ್ಧ ತಾಸಿನ್ಯಾಗ ಮುಟ್ಟಸ್ತೀನಿ, ಕುಂದ್ರು" ಎಂದೆ.

ಮುಟ್ಟಿಸುತ್ತಿದ್ದೆನೋ ಏನೋ. ಮುಂದೆ ರಸ್ತೆ ಕೆಲಸ ನಡೆದು ಲಾರಿಗಳು ಸಾಲುಗಟ್ಟಿದ್ದವು. ಕಾಯುವ ಜಾಯಮಾನ ನನ್ನದಲ್ಲ. ಕಾಲುವೆ ದಂಡೆಯ ಅಡ್ಡದಾರಿಗೆ ತಿರುಗಿಸಿದೆ. ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯಲ್ಲಿ ದಾರಿಯುದ್ದಕ್ಕೂ ಕೆಸರು ಚೆಲ್ಲಿದ್ದವು. ಒಂದು ತಿರುವಿನಲ್ಲಿ ಗಾಡಿ ಹೂತಿತು. ನಾನು ತುಳಿದೆ. ಎರೆಮಣ್ಣು ಗಾಜಿನ ಮೇಲೆಲ್ಲ ಸಿಡಿಯಿತು.

ನಮ್ಮ ಕಡೆ ಗಾಡಿ ಕೆಸರಿನಲ್ಲಿ ಹೂತರೆ ಮಾಡುವುದು ಒಂದೇ. ಹಿಂದೆ ಜನ ಹತ್ತುತ್ತಾರೆ. ಜೀಪಾಗಲಿ, ಟ್ರ್ಯಾಕ್ಟರಾಗಲಿ, ಹಿಂದಿನ ಗಾಲಿಗೆ ಭಾರ ಬಿದ್ದರೆ ಅದು ನೆಲ ಹಿಡಿದು ಮೇಲೇಳುತ್ತದೆ. ಇದನ್ನು ಚಡ್ಡಿ ಹಾಕುವ ವಯಸ್ಸಿನಿಂದ ಕಂಡವರು ನಾವು. ನಾಟಿ ಹಚ್ಚುತ್ತಿದ್ದವರನ್ನು ಕೂಗಿದೆ. ಪಾಪ, ಕೈತೊಳೆಯದೆ ಓಡಿ ಬಂದರು. ಬದುವಿನ ಮೇಲಿದ್ದ ಮೂರು ಗೊಬ್ಬರದ ಚೀಲ ಕೇಳಿಕೊಂಡು ಡಿಕ್ಕಿಯೊಳಗೆ ಹಾಕಿಸಿದೆ. ಬದುವಿನ ಮೇಲಿದ್ದ ಮೂರು ಗೊಬ್ಬರದ ಚೀಲ ಕೇಳಿಕೊಂಡು ಡಿಕ್ಕಿಯೊಳಗೆ ಹಾಕಿಸಿದೆ. ಮುಂದಿನ ಸೀಟಿನಲ್ಲಿದ್ದ ಹೆಂಡತಿಗೆ, "ನೀ ಹಿಂದ ಹೋಗಿ ಕುಂದ್ರು, ಭಾರ ಬೀಳಬೇಕು" ಎಂದೆ.

ಅಷ್ಟರಲ್ಲಿ ದೇವಾಪುರದ ಕಡೆಯ ಹಿರಿಯರೊಬ್ಬರು ಮೋಟರ್‌ಸೈಕಲ್ಲಿನಲ್ಲಿ ಬಂದರು. ವಿಷಯ ಕೇಳಿ, "ಬಾರವ್ವ ತಂಗಿ, ನಾ ಬಿಡ್ತೀನಿ ಬೋನಾಳಕ್ಕ" ಎಂದರು. ಹಿಂದಿನ ಸೀಟಿಗೆ ಹೋಗಿ ಕೂತಿದ್ದ ಅವಳು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. "ನಾ ಇಳಿತೀನ್ರಿ, ಹೋಗ್ತೀನ್ರಿ" ಎಂದಳು. ನನ್ನ ಕಪ್ಪು ಗಾಡಿ ಕೆಸರಿನಲ್ಲಿ, ನನ್ನ ಹೆಂಡತಿ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತು ತವರಿಗೆ. ನೆನೆದರೇ ಮೈ ಉರಿಯಿತು. "ಸುಮ್ಮ ಕುಂದ್ರು ಅಂದ್ನಿಲ್ಲ? ಈಗ ಬರ್ತದ ಗಾಡಿ" ಎಂದು ಗದರಿದೆ. ಅವಳು ಕಾಲು ಒಳಗೆಳೆದುಕೊಂಡಳು. ಹಿರಿಯರು ಹೊರಟುಹೋದರು.

ನಾನು ತುಳಿದಷ್ಟೂ ಮುಂದಿನ ಗಾಲಿಗಳು ಬರೀ ತಿರುಗಿದವು. ಕ್ಲಚ್ಚು ಸುಟ್ಟ ವಾಸನೆ ಬಂತು. ಕೊನೆಗೆ ದೂರದ ಗದ್ದೆಯಿಂದ ಒಂದು ಟ್ರ್ಯಾಕ್ಟರು ಬಂದು ಸರಪಳಿ ಹಾಕಿ ಎಳೆಯುವ ಹೊತ್ತಿಗೆ ಹನ್ನೆರಡೂವರೆ ದಾಟಿತ್ತು. ಬೋನಾಳ ಮುಟ್ಟಿದಾಗ ಓಣಿಯ ತುದಿಗೇ ಹೆಂಗಸರ ಅಳು ಕೇಳಿಸಿತು. ಅಣ್ಣ ಅಂಗಳದಲ್ಲಿ ನಿಂತು ಅಂದ: "ಈಗಿನ್ನೂ ಅರ್ಧ ತಾಸು ಆತವ್ವ. ಬಾಗಲಾ ತೆರದ ಇಡ್ರಿ, ಆಕಿ ಬರ್ತಾಳ ಅಂತಿದ್ಳು."

ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ, "ಇವರು ಭಾಳ ಒದ್ದಾಡಿದ್ರು, ಕೆಸರ ಬಿಡಲಿಲ್ಲ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ತಲೆ ಅಲ್ಲಾಡಿಸುತ್ತಿದ್ದೆ. ನಾಚಿಕೆಗೇಡಿ ನಾನು.

ಕ್ಲಚ್ಚು ಹಾಕಿಸಲು ಯಾದಗಿರಿಗೆ ಹೋದಾಗ ಮೆಕ್ಯಾನಿಕ್ಕು ಕಥೆಯೆಲ್ಲ ಕೇಳಿ ಪಾನಾ ಕೆಳಗಿಟ್ಟು ನಕ್ಕ. "ಸಾವ್ಕಾರ್ರ, ಇದು ಜೀಪ್ ಅಲ್ರಿ. ಇದರದ್ದು ಎಳಿಯೂದು ಮುಂದಿನ ಗಾಲಿ. ಹಿಂದಿನವು ಬರೇ ಉರುಳ್ತಾವ. ನೀವು ಹಿಂದ ಭಾರ ಹಾಕಿದಷ್ಟೂ ಮುಂದಿಂದು ಹಗುರಾಗಿ ತಿರಗ್ತದ. ಎಲ್ಲಾರ್ನೂ ಇಳಿಸಿ, ಇಬ್ರನ್ನ ಬಾನೆಟ್ ಮ್ಯಾಲ ಕುಂದ್ರಸಿದ್ರ ಐದು ಮಿನಿಟಿನ್ಯಾಗ ಹೊರಗ ಬರ್ತಿತ್ತು" ಎಂದ. ಐದು ಮಿನಿಟು. ಗಾಡಿಯನ್ನು ಅಲ್ಲೇ ಮಾರಿಬಿಡುತ್ತೇನೆ ಎಂದೆ. ಅವನು ಹೇಳಿದ ಬೆಲೆ ಕೇಳಿ ಮತ್ತೆ ಮನೆಗೇ ತಂದೆ. ಸಿಟ್ಟಿಗೂ ಲೆಕ್ಕ ಇಡುವವನು ನಾನು.

ಎಂಟು ತಿಂಗಳು ಬಾಯಿ ಬಿಡಲಿಲ್ಲ. ಕಡೆಗೆ ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಅವಳು ಮತ್ತೆ ಯಾರಿಗೋ ಫೋನಿನಲ್ಲಿ "ಇವರು ಭಾಳ ಒದ್ದಾಡಿದ್ರು" ಎಂದದ್ದು ಕೇಳಿ ತಡೆಯಲಾಗಲಿಲ್ಲ. ಬೈಸಿಕೊಂಡರೆ ಹಗುರಾಗುತ್ತೇನೆ ಎಂಬ ಆಸೆ. ಮಧ್ಯಾಹ್ನ ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಾಗ ಮೆಕ್ಯಾನಿಕ್ಕು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

ಅವಳ ಕೈ ನಿಂತಿತು. "ಅಂದ್ರ, ಹಿಂದ ಕುಂತವ್ರಿಂದನ ಗಾಡಿ ಮ್ಯಾಲ ಏಳಲಿಲ್ಲೇನ್ರಿ?"

"ಹೂಂ. ನಂದ ತಪ್ಪು" ಎಂದೆ.

ಬೈಗುಳಕ್ಕೆ ಕಾದೆ. ಅವಳು ನನ್ನ ತಪ್ಪನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಮೊರದ ಬೇಳೆಯನ್ನು ಒಂದು ಬದಿಗೆ ಸರಿಸಿದಳು.

"ಆವಾಗ ನಾ ಎಷ್ಟು ತೂಕ ಇದ್ದೆರಿ?" ಎಂದು ಕೇಳಿದಳು.

ನಾನು ಎದ್ದು ಅಂಗಡಿಗೆ ಹೋದೆ.