ಹಿಗಾಕಿಯವರ ಕರಿ ಮುಸುಕು

ಬೆಳಗಿನ ಐದೂವರೆ. ಟೋಕಿಯೊದ ಶಿಮೊಕಿತಝಾವಾ ಗಲ್ಲಿಯೊಂದರ ನೆಲಮಾಳಿಗೆ ರಂಗಮಂದಿರದಲ್ಲಿ ಹಿಗಾಕಿ ಮೊರಿಯೊ ವೇದಿಕೆಯ ಹಲಗೆಗಳನ್ನು ಒಂದೊಂದಾಗಿ ತುಳಿದು ನೋಡುತ್ತಿದ್ದಾರೆ. ಕಿರುಗುಟ್ಟಿದ ಹಲಗೆಗೆ ಸೀಮೆಸುಣ್ಣದ ಗೀಟು ಬೀಳುತ್ತದೆ. ಅವರ ಮಂಡಿಯೂ ಕಿರುಗುಟ್ಟುತ್ತದೆ, ಅದಕ್ಕೆ ಗೀಟಿಲ್ಲ. ಗೋಡೆ ಹಿಡಿದು ಏಳುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಮತ್ತೆ ಬಗ್ಗುತ್ತಾರೆ. ಅವರ ಬಗ್ಗೆ ಬರೆಯಲು ಬಂದು ಸುಮ್ಮನೆ ಕೂತು ನೋಡುವ ನನಗೇ ಸುಸ್ತಾಗುತ್ತದೆ.

ಅರವತ್ತೇಳರ ಹಿಗಾಕಿ ಕುರೋಗೊ, ಅಂದರೆ ವೇದಿಕೆಯ ಮೇಲಿನ ಸಹಾಯಕ. ಮೈಗೆಲ್ಲ ಕಪ್ಪು ಬಟ್ಟೆ, ಮುಖಕ್ಕೆ ಕಪ್ಪು ಮುಸುಕು. ನಟರ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಪೀಠ ಸರಿಸುವುದು, ಕತ್ತಿ ಕೊಡುವುದು, ಬಿದ್ದ ಬೀಸಣಿಗೆ ಎತ್ತುವುದು ಇವರ ಕೆಲಸ. ಕಣ್ಣೆದುರೇ ಓಡಾಡಿದರೂ ಅಲ್ಲಿ ಯಾರೂ ಇಲ್ಲವೆಂದೇ ನಾವು ನಾಟಕ ನೋಡುತ್ತೇವೆ. ಜಪಾನಿನ ಸಾಂಪ್ರದಾಯಿಕ ಕಬುಕಿ ರಂಗಭೂಮಿಯಲ್ಲಿ ಜೀವಮಾನ ತೇಯ್ದು, ನಿವೃತ್ತಿಯ ಮೇಲೆ ಈ ಪುಟ್ಟ ತಂಡ ಸೇರಿದ್ದಾರೆ.

ಈ ಸಲದ್ದು ಇಟ್ಟಿಗೆ ಗಾತ್ರದ ಹಳೇ ರಷ್ಯನ್ ಕಾದಂಬರಿಯ ಪ್ರಯೋಗ. ಪುಸ್ತಕದಲ್ಲಿ ಊರು ತುಂಬ ಜನ, ವೇದಿಕೆಯಲ್ಲಿ ನಾಲ್ಕೇ ನಟರು. ಮಿಕ್ಕಿದ್ದೆಲ್ಲ ಹಿಗಾಕಿಯವರ ತಲೆಗೆ. ಬಾಗಿಲು ಅವರೇ, ಜಾರುಬಂಡಿಯ ಕುದುರೆ ಅವರೇ, ಸುರಿಯುವ ಹಿಮವೂ ಅವರೇ.

"ಹಿಮ ಬಂದಾಗೆಲ್ಲ ಕಪ್ಪು ಬಿಚ್ಚಿ ಬಿಳೀದು ಹಾಕ್ಕೋಬೇಕು. ರಷ್ಯಾದಲ್ಲಿ ಬೇಸಿಗೆನೇ ಬರಲ್ವಾ ಅಂತ ಕೇಳ್ದೆ. ಬರತ್ತಂತೆ, ಇವರು ಆ ಅಧ್ಯಾಯ ಕೈಬಿಟ್ಟಿದಾರಂತೆ."

ನಿರ್ದೇಶಕಿ ಅಮಾನೊ ರೀಕಾ ಇನ್ನೂ ಒಂದು ಕೇಳಿದ್ದಾರೆ. ಕಾದಂಬರಿಯಲ್ಲಿ ತನ್ನ ತಮ್ಮನನ್ನು ಕೊಂದ ಜಮೀನ್ದಾರ, ಯಾರೂ ನೋಡಿಲ್ಲವೆಂದು ನಂಬಿಯೇ ಮುದುಕನಾಗುತ್ತಾನೆ. ಕೊನೆಯ ದೃಶ್ಯದಲ್ಲಿ, ಎಲ್ಲವನ್ನೂ ನೋಡಿದ್ದವನಾಗಿ, ಹಿಗಾಕಿ ಅವನೆದುರು ಮುಸುಕು ತೆಗೆದು ಮುಖ ತೋರಿಸಬೇಕು. ನನಗಂತೂ ಕೇಳಿದಾಗಲೇ ಮೈ ಜುಮ್ಮೆಂದಿತ್ತು. ಹಿಗಾಕಿ ಮಾತ್ರ ವಾರದಿಂದ ಹೂಂ ಅಂದಿಲ್ಲ. ಇಂದು ಸಂಜೆ ಮೊದಲ ಪ್ರದರ್ಶನ. ಒಪ್ಪದಿದ್ದರೆ ಆ ಕಪ್ಪು ಬಟ್ಟೆ, ಅವರ ಮಂಡಿಯ ಕಾರಣಕ್ಕೆ ತಾಲೀಮಿನಲ್ಲಿ ಆಗಾಗ ಬದಲಿಗೆ ನಿಲ್ಲುವ ನಟಿ ಶಿಯೋಮಿಯ ಪಾಲಾಗುತ್ತದೆ. ಮುಂದಿನ ತಿಂಗಳು ಮಂಡಿಯ ಶಸ್ತ್ರಚಿಕಿತ್ಸೆ ಇರುವುದರಿಂದ ಹಿಗಾಕಿಯವರಿಗೆ ಇನ್ನೊಂದು ನಾಟಕವಿಲ್ಲ.

ಹೆಂಡತಿ ಫುಕಿ ಮುಂದಿನ ಸಾಲಿನ ಟಿಕೆಟ್ ತೆಗೆದಿಟ್ಟುಕೊಂಡಿದ್ದಾರೆ. "ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ರಿ ಅಂತ ಅಕ್ಕಪಕ್ಕದವರಿಗೆ ತೋರ್ಸೋಕೆ ಇದೊಂದೇ ಅವಕಾಶ ಅಂತಾಳೆ. ಪಾಪ, ಅವಳದೂ ತಪ್ಪಲ್ಲ."

ಒಂಬತ್ತಕ್ಕೆ ಅಮಾನೊ ಬರುತ್ತಾರೆ. ಚೀಲದಿಂದ ಅನ್ನದುಂಡೆ ತೆಗೆದು ಮೊದಲು ಹಿರಿಯರ ಕೈಗಿಡುತ್ತಾರೆ. ಹಿಗಾಕಿ ಅದನ್ನು ಪಕ್ಕಕ್ಕಿಟ್ಟು, ಮಂಡಿ ನೋವನ್ನೂ ಲೆಕ್ಕಿಸದೆ ತಲೆ ನೆಲಕ್ಕೆ ಮುಟ್ಟುವಂತೆ ಬಾಗುತ್ತಾರೆ.

"ಮುಸುಕು ತೆಗೆದ್ರೆ ಅಷ್ಟು ಹೊತ್ತೂ ನಾನು ಅಲ್ಲಿದ್ದೆ ಅಂತಾಗತ್ತೆ. ನಾನು ಇರ್ಲಿಲ್ಲ, ಡೈರೆಕ್ಟ್ರೇ. ನಲವತ್ತು ವರ್ಷ ಕಲ್ತಿದ್ದು ಅದೊಂದನ್ನೇ."

ಆ ದೃಶ್ಯವಿಲ್ಲದೆ ನಾಟಕ ನಿಲ್ಲುವುದಿಲ್ಲ ಎಂದು ಅಮಾನೊ ಮೆಲ್ಲಗೆ ಹೇಳುತ್ತಾರೆ. ಅವರ ಕಣ್ಣು ತುಂಬಿದೆ.

"ಗೊತ್ತು. ನಾಟಕಕ್ಕೆ ಅದು ಬೇಕೇಬೇಕು. ಅದಕ್ಕೇ ಶಿಯೋಮಿಗೆ ಕೊಡಿ ಅಂತಿರೋದು."

ಹಿಗಾಕಿ ಮುಸುಕನ್ನು ಮಡಚಿ, ಅಷ್ಟರಲ್ಲಿ ಬಂದ ಶಿಯೋಮಿಯ ಕೈಗಿಡುತ್ತಾರೆ. ನನಗೆ ಸಂಕಟವಾಗುತ್ತದೆ. ಅವರಿಗೆ ಸಂಕಟಪಡಲು ಪುರಸೊತ್ತಿಲ್ಲ. ಬೆನ್ನು ಯಾವಾಗ ತಿರುಗಿಸಬೇಕು, ಉಸಿರು ಎಲ್ಲಿ ಹಿಡಿಯಬೇಕು, ಕುದುರೆಯಾದಾಗಲೂ ತಾನು ಕುದುರೆ ಅಂದುಕೊಳ್ಳದಿರುವುದು ಹೇಗೆ, ಎಲ್ಲವನ್ನೂ ಮಧ್ಯಾಹ್ನದವರೆಗೆ ಹೇಳಿಕೊಡುತ್ತಾರೆ. ಆಮೇಲೆ ಮನೆಗೆ ಫೋನು. ಫುಕಿ, ಹಾಗಾದರೆ ನನ್ನ ಪಕ್ಕದಲ್ಲೇ ಬಂದು ಕೂತುಕೊಳ್ಳಿ ಎಂದರಂತೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಮಂಡಿ ನೀವಿಕೊಳ್ಳುತ್ತಾ ಹಿಗಾಕಿ ಯೋಚಿಸುತ್ತಾರೆ.

"ಕೊನೇಲಿ ಶಿಯೋಮಿ ಮುಸುಕು ತೆಗೀತಾಳಲ್ಲ, ಆಗ ಫುಕಿ ಬೆಚ್ಚಿಬೀಳ್ಬೇಕು. ಇವಳು ಎಲ್ಲಿಂದ ಬಂದ್ಲು ಅಂತ ನನ್ನನ್ನೇ ಕೇಳ್ಬೇಕು. ಅಷ್ಟು ಚೆನ್ನಾಗಿ ಕಲಿಸಿದೀನಿ."