ಬಿಸಿಲ ನಾಡಿನ ತಣ್ಣನೆಯ ಕಡಲಿಗೆ ಒಂದು ಉಡುಪು

ಜುಲೈ ತಿಂಗಳ ಒಮಾನಿನಲ್ಲಿ ನನಗೆ ಹಲ್ಲು ಕಟಕಟಿಸುವಷ್ಟು ಚಳಿಯಾಯಿತು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅಂದು ಗಂಡನ ಜೊತೆ ಮಸ್ಕತ್ತಿನ ಬೌಷರ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಹೊರಟಾಗ ಕಾರಿನ ಬಾಗಿಲಿನ ಹಿಡಿಕೆ ಕೈ ಸುಡುತ್ತಿತ್ತು. ಮರಳುಗಾಡಿನ ದಾರಿ ಮುಗಿದು ಅಷ್ಖರಾ ಎಂಬ ಮೀನುಗಾರರ ಊರು ತಲುಪಿ ಕಾರಿನಿಂದ ಇಳಿದರೆ, ಎದುರಿಗೆ ಬೂದು ಬಣ್ಣದ ಕಡಲು, ಮೈ ಕೊರೆಯುವ ಗಾಳಿ. ಹತ್ತಿಯ ಚೂಡಿದಾರದಲ್ಲೇ ಮೊಣಕಾಲಿನವರೆಗೆ ನೀರಿಗಿಳಿದೆ. ಯಾರೋ ಕಾಲಿಗೆ ಮಂಜುಗಡ್ಡೆ ಕಟ್ಟಿದ ಹಾಗಾಯಿತು.

ನಾನು ಕಡಲು ಕಾಣದವಳಲ್ಲ. ಹುಟ್ಟಿದ್ದು ಕಾಪುವಿನ ಹತ್ತಿರದ ಮೊಗವೀರರ ಮನೆಯಲ್ಲಿ. ಅಪ್ಪ ಬಲೆ ಬೀಸುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಬಂಗುಡೆ, ಬೂತಾಯಿ ಮಾರುತ್ತಿದ್ದರು. ನಮ್ಮಲ್ಲಿ ಹಿಡಿಯುವುದು ಗಂಡಸರ ಕೆಲಸ, ಮಾರುವುದು ಹೆಂಗಸರ ಕೆಲಸ. ಕಣ್ಣುಮುಚ್ಚಿ ಮುಟ್ಟಿದರೂ ಮೀನಿನ ಹೆಸರು ಹೇಳಬಲ್ಲೆ. ಗಾಳ ಮಾತ್ರ ಹಾಕಿದವಳಲ್ಲ. ಮಳೆಗಾಲದಲ್ಲಂತೂ ದೋಣಿಗಳು ದಡ ಹತ್ತುತ್ತವೆ, ಕಡಲಿನ ಕಡೆ ಹೋಗಬೇಡಿ ಎಂದು ಮಕ್ಕಳನ್ನು ಗದರಿಸುತ್ತಾರೆ.

ಅದೇ ಮುಂಗಾರಿನ ಗಾಳಿಗೆ ಇಲ್ಲಿ ಖರೀಫ್ ಎನ್ನುತ್ತಾರೆ. ಅಷ್ಖರಾದಲ್ಲಿ ಅದು ಮಳೆ ತರುವುದಿಲ್ಲ. ದಡದ ಬೆಚ್ಚನೆಯ ನೀರನ್ನು ದೂರ ತಳ್ಳುತ್ತದೆ, ಅದರ ಜಾಗಕ್ಕೆ ತಳದ ತಣ್ಣೀರು ಎದ್ದು ಬರುತ್ತದೆ. ಆ ನೀರಿನ ಹಿಂದೆಯೇ ಮೀನೂ ಬರುತ್ತದೆ. ಇದನ್ನೆಲ್ಲ ಹೇಳಿದವಳು ಸಲ್ಮಾ. ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು, ತವರು ಅಷ್ಖರಾ. ರಜೆ ಮುಗಿದು ಭಾನುವಾರ ಬಂದಳೆಂದರೆ ತಾನು ಹಿಡಿದ ಮೀನಿನ ಫೋಟೋ ತೋರಿಸುತ್ತಿದ್ದಳು. ಒಂದು ದಿನ ತನ್ನ ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಕೇಳಿದಳು:

“ಕಡಲಿನ ಮನೆಯವಳು ಅಂತೀಯ. ಗಾಳ ಹಾಕೋಕೆ ಬರಲ್ವಾ?”

“ನಮ್ಮ ಕಡೆ ಹೆಂಗಸರು ಹಾಕುವುದಿಲ್ಲ.”

“ನಮ್ಮ ಕಡೆ ನಮ್ಮಮ್ಮ ಹಾಕ್ತಾಳೆ. ಯಲ್ಲಾ, ಹೊರಡು! ಈ ಶುಕ್ರವಾರ ಬಾ.”

ಹಾಗೆ ಬಂದವಳು ನಾನು. ಎರಡನೇ ಅಲೆಗೇ ನನ್ನ ಕಥೆ ಮುಗಿಯುತ್ತಿತ್ತು. ನೀರು ಕುಡಿದ ಚೂಡಿದಾರ ಕಾಲಿಗೆ ಸುತ್ತಿಕೊಂಡಿತು, ದುಪಟ್ಟಾ ಕುತ್ತಿಗೆಗೆ ಬಿಗಿಯಿತು. ಬಿದ್ದೆ. ಹಿಂದೆ ಸರಿಯುವ ನೀರು ನನ್ನನ್ನು ಮರಳಿನ ಮೇಲೆ ಎಳೆದುಕೊಂಡು ಹೊರಟಿತು. ಚಳಿಗೆ ಉಸಿರು ಸಿಕ್ಕಿಕೊಂಡು ಕೂಗಲೂ ಆಗಲಿಲ್ಲ. ಸಲ್ಮಾ ನನ್ನ ಜಡೆ ಹಿಡಿದು ನಿಲ್ಲಿಸಿದಳು.

ದಡದಲ್ಲಿ ಅವಳ ತಾಯಿ ತಮ್ಮ ದಪ್ಪ ಶಾಲು ಹೊದಿಸಿ ಶುಂಠಿ ಹಾಕಿದ ಚಹಾ ಕೊಟ್ಟರು. ಕುಡಿಯುತ್ತ ನಾನು ನೋಡಿದ್ದು ಆ ಹಿರಿಯಾಕೆಯ ಉಡುಪನ್ನು. ಬಣ್ಣದ ಉದ್ದ ಅಂಗಿಯನ್ನು ಸೊಂಟಕ್ಕೆ ಎತ್ತಿ ಕಟ್ಟಿದ್ದರು. ಒಳಗೆ ಸಿರ್ವಾಲ್, ಅಂದರೆ ಕಾಲಗಂಟಿನ ಹತ್ತಿರ ಬಿಗಿಯಾಗಿ ಕೂರುವ ಇಲ್ಲಿನ ಹೆಂಗಸರ ಪೈಜಾಮ. ಅಲೆ ಹಿಡಿದೆಳೆಯಲು ಒಂದು ತುಂಡು ಬಟ್ಟೆಯೂ ಸಿಗದ ಹಾಗೆ ಸಜ್ಜಾಗಿದ್ದರು. ಹಣೆ, ಮೂಗು ಮಾತ್ರ ಮುಚ್ಚುವ, ಇಲ್ಲಿ ಬುರ್ಖಾ ಎನ್ನುವ ಮುಖವಾಡ ಸರಿಪಡಿಸಿಕೊಂಡು, ಕೈಯಲ್ಲಿ ಬರೀ ನೈಲಾನ್ ದಾರ ಹಿಡಿದು ಮತ್ತೆ ನೀರಿಗೆ ನಡೆದರು. ಅಷ್ಟು ಗಾಂಭೀರ್ಯದಿಂದ ಯಾರಾದರೂ ಕಡಲಿಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ.

ವಾಪಸು ಬರುವಾಗಲೂ ಕಾರು ನನ್ನ ಗಂಡನ ಕೈಯಲ್ಲೇ ಇತ್ತು. ಅವರು ಮೈಸೂರಿನವರು, ಮೀನು ಮುಟ್ಟದವರು. ಅಷ್ಟು ದೂರ ಕಾರು ಓಡಿಸಿದ್ದು ನನಗಾಗಿ. ದಾರಿಯಲ್ಲಿ ಹೇಳಿದರು: “ಇನ್ ಸಾಕು ಕಣೇ ಈ ಹುಚ್ಚು. ನನ್ ಜೀವ ಬಾಯಿಗ್ ಬಂದಿತ್ತು.”

“ತಪ್ಪು ಕಡಲಿನದ್ದಲ್ಲ, ಬಟ್ಟೆಯದ್ದು” ಎಂದೆ.

ಮುಂದಿನ ವಾರ ಗಂಡ, ಮಗಳ ಜೊತೆ ಹೋದ ಮಾಲ್‌ನ ಅಂಗಡಿಯಲ್ಲಿ ಮಲಯಾಳಿ ಸೇಲ್ಸ್‌ಮನ್ ಎದೆಯವರೆಗೆ ಬರುವ, ಬೂಟು ಅಂಟಿಸಿದ ರಬ್ಬರಿನ ಪ್ಯಾಂಟು ತೋರಿಸಿದ. ವೇಡರ್ ಅಂತೆ. ಒಳಗೆ ನೀರಿಲ್ಲ, ಚಳಿಯಿಲ್ಲ, ಮೈಯೂ ಕಾಣಿಸುವುದಿಲ್ಲ. ಗಂಡನಿಗೆ ಒಪ್ಪಿಗೆ, ನನಗೂ ಮನಸ್ಸಾಯಿತು. ಫೋಟೋ ಕಳಿಸಿದ ಕೂಡಲೇ ಸಲ್ಮಾ ಫೋನ್ ಮಾಡಿದಳು.

“ಬೇಡ! ಆ ಅಲೆಯಲ್ಲಿ ಬಿದ್ದರೆ ಅದರೊಳಗೆ ನೀರು ತುಂಬುತ್ತೆ. ಎದ್ದು ನಿಲ್ಲೋಕಾಗಲ್ಲ. ನಿಂತ ನೀರಿಗೆ ಸರಿ, ಅಷ್ಖರಾಕ್ಕೆ ಅಲ್ಲ. ವೆಟ್‌ಸೂಟ್ ತಗೋ.”

ವೆಟ್‌ಸೂಟ್ ಎಂದರೆ ಮೈಗೆ ಅಂಟಿಕೊಳ್ಳುವ ಸ್ಪಂಜಿನಂಥ ರಬ್ಬರ್ ಅಂಗಿ. ಒಳಗೆ ನುಗ್ಗಿದ ಸ್ವಲ್ಪ ನೀರನ್ನು ಮೈಯ ಶಾಖದಲ್ಲೇ ಬೆಚ್ಚಗಿಡುತ್ತದೆ, ಬಿದ್ದರೂ ತೇಲಿಸುತ್ತದೆ. ಟ್ರಯಲ್ ರೂಮಿನಲ್ಲಿ ಹಾಕಿಕೊಂಡು ಕನ್ನಡಿ ನೋಡಿದೆ. ನಲವತ್ತು ದಾಟಿದ ಮೈಯ ಒಂದೊಂದು ಮಡಿಕೆಯೂ ಕಾಣುತ್ತಿತ್ತು. ಹೊರಗೆ ಬರಲು ಧೈರ್ಯವಾಗಲಿಲ್ಲ. ಮಗಳು ಪರದೆ ಸರಿಸಿ ಇಣುಕಿ, “ಅಮ್ಮಾ, ಯು ಲುಕ್ ಸ್ಟ್ರಾಂಗ್” ಎಂದಳು. ನಾನು ಪರದೆ ಮತ್ತೆ ಎಳೆದುಕೊಂಡೆ.

ಸಂಕೋಚಕ್ಕೆ ಪರಿಹಾರ ಸಿಕ್ಕಿದ್ದು ಮಸ್ಕತ್ತಿನ ಹಳೆಯ ಪೇಟೆ ಮತ್ರಾದ ಗಲ್ಲಿಯೊಂದರಲ್ಲಿ. ಸಲ್ಮಾ ಅಲ್ಲಿನ ತನ್ನ ದರ್ಜಿಯ ಬಳಿ ಕರೆದೊಯ್ದಳು. ವೆಟ್‌ಸೂಟಿನ ಮೇಲೆ ಹಾಕಲು, ಬೇಗ ಒಣಗುವ ತೆಳು ನೈಲಾನಿನಲ್ಲಿ ತೊಡೆಯ ಅರ್ಧಕ್ಕೆ ನಿಲ್ಲುವ ಅಂಗಿ, ನೀರು ಹರಿದುಹೋಗಲು ಎರಡೂ ಪಕ್ಕ ಸೀಳು, ಜೇಬಿಲ್ಲ. “ಇದೂ ನಿನ್ನ ತಾಯಿಯ ಉಡುಪೇ ಅಲ್ಲವಾ?” ಎಂದೆ. “ಮತ್ತೆ? ಅವಳು ನಲವತ್ತು ವರ್ಷದಿಂದ ಬಿದ್ದಿಲ್ಲ” ಎಂದು ಹೆಮ್ಮೆಯಿಂದ ನಕ್ಕಳು.

ಆಗಸ್ಟಿನಲ್ಲಿ ಮತ್ತೆ ಹೋದೆವು. ಕಪ್ಪು ವೆಟ್‌ಸೂಟು, ಮೇಲೆ ನೀಲಿ ಅಂಗಿ, ರಬ್ಬರಿನ ಬೂಟು, ಕಿವಿ ಮುಚ್ಚುವ ಟೋಪಿ. ಕಾರಿನಿಂದ ಇಳಿಯುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನೋಡಿದವರು ಗಂಡ ಒಬ್ಬರೇ. ಫ್ಲಾಸ್ಕ್ ಹಿಡಿದು ನಿಂತು, “ಹೋಗ್ ಬಾ. ನಾನ್ ಇಲ್ಲೇ ಇರ್ತೀನಿ” ಎಂದರು.

ನೀರು ಸೊಂಟಕ್ಕೆ ಬಂತು. ಚಳಿ ಇತ್ತು, ಆದರೆ ಪಕ್ಕದ ಕೋಣೆಯಲ್ಲಿದ್ದ ಹಾಗೆ. ದೊಡ್ಡ ಅಲೆಯೊಂದು ಕೆಡವಿತು. ಈ ಸಲ ಯಾವುದೂ ಕಾಲಿಗೆ ಸುತ್ತಿಕೊಳ್ಳಲಿಲ್ಲ. ಅಂಗಿಯ ಸೀಳಿನಿಂದ ನೀರು ಸುರಿದುಹೋಯಿತು, ನಾನೇ ಎದ್ದು ನಿಂತೆ. ಮೀನು ಹಿಡಿದದ್ದಕ್ಕಿಂತ ದೊಡ್ಡ ಗೆಲುವು ಅದೇ. ಮೀನೂ ಸಿಕ್ಕಿತು. ಸಲ್ಮಾ ಕೊಟ್ಟ ಗಾಳದ ಕೋಲು ಬಾಗಿ, ದಾರ ಓಡಿ, ಕೊನೆಗೆ ಮರಳಿಗೆ ಬಂದದ್ದು ಮೊಣಕೈ ಉದ್ದದ ಶೇರಿ, ಇಲ್ಲಿನವರ ಅಚ್ಚುಮೆಚ್ಚಿನ ಮೀನು. ಸಲ್ಮಾಳ ತಾಯಿ ಅದರ ಕಿವಿರು ಎತ್ತಿ ನೋಡಿ, ನನ್ನ ಹೆಗಲು ತಟ್ಟಿ, “ಖಲಾಸ್, ಇನ್ನು ಮಾತಿಲ್ಲ, ನೀನು ಅಷ್ಖರಾದವಳು” ಎಂದರು.

ಕಾಪುವಿನಲ್ಲಿ ತಮ್ಮನ ಮನೆಯಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಮೀನು ನೋಡಲೇ ಇಲ್ಲ. “ಚಳಿ ಆಪುಜಾ ಮಗಾ?” ಎಂದರು ತುಳುವಿನಲ್ಲಿ, ಚಳಿಯಾಗುವುದಿಲ್ಲವಾ ಎಂದು. ಆಮೇಲೆ ನನ್ನ ಬೆನ್ನ ಹಿಂದೆ ಕಾಣುತ್ತಿದ್ದ ಸಲ್ಮಾಳ ತಾಯಿಯನ್ನು ನೋಡಿ, “ಆ ಅಮ್ಮನೂ ನೀರಿಗೆ ಇಳಿಯುತ್ತಾರಾ?” ಎಂದು ಕೇಳಿದರು. ಅವರ ದನಿಯಲ್ಲಿ ಅಚ್ಚರಿಗಿಂತ ಆಸೆಯೇ ಹೆಚ್ಚಿತ್ತು.

ಡಿಸೆಂಬರಿನಲ್ಲಿ ರಜೆಗೆ ಊರಿಗೆ ಹೋದೆ. ಸಂಜೆ ತಮ್ಮ ದಡದಲ್ಲಿ ಗಾಳ ಹಾಕುತ್ತಿದ್ದ. ಕೋಲು ಕೇಳಿದೆ.

“ನೀನಾ? ಕಂಡವರು ಎಂತ ಹೇಳಿಯಾರು ಅಕ್ಕ?”

ಕೊಡು ಅಂದರು ಅಮ್ಮ, ನನ್ನ ಹಿಂದಿನಿಂದ. ಅವನು ಕೊಟ್ಟ.

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಬಿಗಿದು ನೀರಿಗಿಳಿದೆ. ಅಷ್ಖರಾದಲ್ಲಿ ನೇಸರು ಹುಟ್ಟುವ ಕಡಲು ಇಲ್ಲಿ ನೇಸರನ್ನು ಮುಳುಗಿಸುತ್ತಿತ್ತು. ಮೊದಲ ಅಲೆ ಬರುತ್ತಿದ್ದಂತೆ ಉಸಿರು ಹಿಡಿದೆ, ಹಲ್ಲು ಕಚ್ಚಿದೆ. ನೀರು ಬೆಚ್ಚಗಿತ್ತು. ನಾನು ಹುಟ್ಟಿದ ನೀರು ತನ್ನಷ್ಟಕ್ಕೆ ಬಂದು ಕಾಲು ತೊಳೆದು ಹೋಯಿತು. ನನ್ನ ಮೈ ಮಾತ್ರ ಇನ್ನೂ ಬಿಗಿಯಾಗಿ ನಿಂತು, ಬಾರದ ಚಳಿಯನ್ನು ಕಾಯುತ್ತಿತ್ತು.